ನಾನು ಸರಿಮಾಡಿದ ಗಿಟಾರ್

ಗಿಟಾರ್ ಕಲಿಸಿ ಹೊಟ್ಟೆ ಹೊರೆಯುವ ನನಗೆ ಒಂದು ಕೆಟ್ಟ ಚಾಳಿಯಿದೆ. ಬೇರೆಯವರ ಗಿಟಾರ್ ಕಂಡರೆ ಕೈ ಸುಮ್ಮನಿರುವುದಿಲ್ಲ. ಕಾರ್ಗಲ್‌ನಲ್ಲಿ ಒಂದು ಬೀಳ್ಕೊಡುಗೆ ಸಮಾರಂಭಕ್ಕೆ ನುಡಿಸಲು ಹೋಗಿದ್ದಾಗ, ವೇದಿಕೆಯ ಹಿಂದೆ ಕುರ್ಚಿಗೆ ಒರಗಿಸಿದ್ದ ಹಳೇ ಗಿಟಾರನ್ನು ಸುಮ್ಮನೆ ಮೀಟಿದೆ. ತಂತಿಗಳನ್ನು ಎಲ್ಲೂ ಒತ್ತದೆಯೇ ಅಳುವಂಥ ಒಂದು ಸ್ವರಗುಚ್ಛ, ಮೈನರ್ ಕಾರ್ಡ್, ಬಂತು. ಪಾಪ, ಶ್ರುತಿ ಇಳಿದುಹೋಗಿದೆ ಎಂದುಕೊಂಡು, ಬಿರಡೆ ತಿರುಗಿಸಿ ಎಲ್ಲರ ಗಿಟಾರಿನಂತೆ ಸರಿಮಾಡಿಟ್ಟೆ.

ಅದು ಅಂದು ನಿವೃತ್ತರಾಗುತ್ತಿದ್ದ ಫಿಟ್ಟರ್ ಒಬ್ಬರದು. ಅವರು ವೇದಿಕೆಯಲ್ಲಿ ಗಿಟಾರ್ ಹಿಡಿದಾಗಲೇ ನನಗೆ ಕಂಡದ್ದು: ಎಡಗೈಯಲ್ಲಿ ಹೆಬ್ಬೆರಳು, ತೋರುಬೆರಳು ಎರಡೇ ಇದ್ದವು. ಒಂದೇ ಬೆರಳನ್ನು ಅಡ್ಡಲಾಗಿ ಒತ್ತಿ ಇಡೀ ಹಾಡು ನುಡಿಸಲೆಂದೇ ಅವರು ತಂತಿಗಳನ್ನು ಹಾಗೆ ಇಳಿಸಿಟ್ಟುಕೊಂಡಿದ್ದರು. ಈಗ ಮೊದಲ ಮೀಟಿಗೇ ಕಿವಿ ಮುಚ್ಚಿಕೊಳ್ಳುವಂತಾಯಿತು. ಸಭೆಯಲ್ಲಿ ಯಾರೋ ನಕ್ಕರು.

ಅವರು ಗಿಟಾರ್ ಹಿಡಿದು ನನ್ನ ಹತ್ತಿರ ಬಂದರು. "ಯಾವನೋ ಪುಣ್ಯಾತ್ಮ ಮುಟ್ಟಿದಾನೆ ಸಾರ್."

"ಎಂಥೆಂಥಾ ಜನ ಇರ್ತಾರೆ ನೋಡಿ," ಅಂದುಬಿಟ್ಟೆ.

"ನಂಗೆ ಕೈ ನಡುಗ್ತಿದೆ. ನೀವೇ ಒಂಚೂರು ಶ್ರುತಿ ಮಾಡ್ಕೊಡ್ತೀರಾ?"

ಗಿಟಾರ್ ಇಸಿದುಕೊಂಡೆ. ಅವರ ಶ್ರುತಿ ಯಾವುದೆಂದು ಕೇಳುವುದನ್ನೂ ಮರೆತು, ಒಂದೊಂದೇ ತಂತಿ ಇಳಿಸಿ ಮೊದಲಿನಂತೆಯೇ ಮಾಡಿಕೊಟ್ಟೆ. ಅವರು ಒಮ್ಮೆ ಮೀಟಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಪುಣ್ಯಾತ್ಮರು ನೀವು," ಅಂದು ವೇದಿಕೆ ಹತ್ತಿದರು.

ಎರಡನೇ ಸಲ ಆ ಮಾತನ್ನು ಯಾವ ಅರ್ಥದಲ್ಲಿ ಹೇಳಿದರೋ, ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.