ಬಾಲದಲ್ಲಿ ನಡೆದ ಕನ್ನಡಕದವರು

ಕನ್ನಡಕದವರು ನಮ್ಮ ಬೆಟ್ಟದ ಬಳಗಕ್ಕೆ ಸೇರಲು ಬಂದ ಬೆಳಿಗ್ಗೆ, ಬಸ್ ನಿಲ್ದಾಣದ ಮೆಟ್ಟಿಲಲ್ಲೇ ಎಡವಿ ಬಿದ್ದರು. ಎದ್ದು ಮೊಣಕಾಲು ಕೊಡವಿಕೊಂಡು, "ಬೆಟ್ಟಕ್ಕೆ ಇಲ್ಲಿಂದ್ಲೇ ನಮಸ್ಕಾರ ಹಾಕ್ದೆ" ಎಂದರು. ಎಲ್ಲರೂ ನಕ್ಕರು. ಬಳಗದ ಹಿರಿಯರಾದ ನರ್ಸಕ್ಕ ನಗದೆ, ಗಾಯಕ್ಕೆ ಹತ್ತಿ ಒತ್ತಿದರು.

ಕಿರಿದಾದ ಕನ್ನಡಕದಂಗಡಿಯಲ್ಲಿ ಮೂವತ್ತು ವರ್ಷ ಕೂತು ಗಾಜು ಉಜ್ಜಿದ ಕೈ ಕನ್ನಡಕದವರದು. ಓಣಿಯ ಅರ್ಧ ಜನ ಅವರ ಕೈಯಿಂದಲೇ ಲೋಕ ಕಾಣುತ್ತಿದ್ದರು. ಅವರ ಕಣ್ಣಿನ ಸಂಗತಿ ಮಾತ್ರ ಹೆಂಡತಿಯೊಬ್ಬರಿಗೇ ಗೊತ್ತು. ಎದುರಿಗಿದ್ದದ್ದು ಸ್ಪಷ್ಟ, ಎಡಬಲಗಳಲ್ಲಿ ಏನೂ ಇಲ್ಲ. ಕೊಳವೆಯೊಳಗಿಂದ ನೋಡಿದ ಹಾಗೆ. ಆ ಕೊಳವೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿತ್ತು. ಅದಕ್ಕೆ ಯಾವ ಗಾಜೂ ಇಲ್ಲವೆಂದು ಅವರಿಗಿಂತ ಚೆನ್ನಾಗಿ ಯಾರು ಬಲ್ಲರು? ಅದು ಮುಚ್ಚಿಹೋಗುವುದರೊಳಗೆ ಬೇಸಿಗೆ, ಮಳೆ, ಚಳಿ ಎಲ್ಲ ಕಾಲದಲ್ಲೂ ಬೆಟ್ಟಗಳನ್ನು ನೋಡಿಬಿಡಬೇಕೆಂಬ ಹಂಬಲ.

"ಬಳಗದವರಿಗೆ ಒಂದು ಮಾತು ಹೇಳಿಬಿಡ್ರೀ" ಎಂದು ಹೆಂಡತಿ ಅಂಗಲಾಚಿದರು.

"ಹೇಳಿದ್ರೆ ನನ್ನನ್ನ ಬಸ್ಸಲ್ಲಿ ಬುತ್ತಿ ಕಾಯೋಕೆ ಕೂರಿಸ್ತಾರೆ. ಸುಮ್ನಿರೇ."

ಬೇಸಿಗೆ ಕಳೆಯಿತು, ಮಳೆಗಾಲವೂ ಕಳೆಯಿತು. ಕನ್ನಡಕದವರು ಮುಂದಿನವರ ಹಿಮ್ಮಡಿಗೆ ಕಣ್ಣು ನೆಟ್ಟು ನಡೆದರು. ಪ್ರತಿ ತಿರುವಿನಲ್ಲೂ ಜೀವ ಬಾಯಿಗೆ ಬರುತ್ತಿತ್ತು. ಮೇಲೆ ಮಾತ್ರ ನಗೆ.

ಬಳಗದಲ್ಲೊಂದು ಕಟ್ಟುಪಾಡಿದೆ. ಎಲ್ಲರಿಗಿಂತ ಹಿಂದೆ ನಡೆಯುವವರು 'ಬಾಲ'. ಅವರ ಕೊರಳಲ್ಲಿ ಸೀಟಿ. ಯಾರೂ ಬಾಲದ ಹಿಂದೆ ಉಳಿಯಬಾರದು. ಸರದಿಯಂತೆ ಎಲ್ಲರೂ ಬಾಲವಾಗಬೇಕು. ಚಳಿಗಾಲದ ಒಂದು ದಿನ ನರ್ಸಕ್ಕ ಸೀಟಿಯನ್ನು ಕನ್ನಡಕದವರ ಕೊರಳಿಗೆ ಹಾಕಿದರು.

"ನನಗ್ಯಾಕಕ್ಕಾ? ಬೇರೆಯವರಿಗೆ ಕೊಡಿ" ಎಂದು ತಡವರಿಸಿದರು.

"ಮನೇಲಂತೂ ಉಸಿರೆತ್ತೋ ಹಾಗಿಲ್ಲ, ಇಲ್ಲಾದ್ರೂ ಊದಿ ಸ್ವಾಮಿ" ಎಂದು ಬಳಗದಲ್ಲೇ ಇದ್ದ ಬೇಕರಿಯವರು ಛೇಡಿಸಿ, ಅವರ ಮುಂದೆಯೇ ಹೆಜ್ಜೆ ಹಾಕಿದರು.

ಒಂದು ಕಡೆ ಬಂಡೆಗೋಡೆ, ಇನ್ನೊಂದು ಕಡೆ ಕೊರಕಲು. ನಡುವೆ ಒಬ್ಬರು ನಡೆಯುವಷ್ಟು ದಾರಿ. ಮಧ್ಯಾಹ್ನದ ಹೊತ್ತಿಗೆ ಮಂಜು ಇಳಿಯಿತು. ಬೇಕರಿಯವರ ಹಿಮ್ಮಡಿ ಕಾಣದಾಯಿತು. 'ಮುಂದೆ ಹೋಗಿರಬೇಕು' ಎಂದುಕೊಂಡು, ಉಣ್ಣೆ ಟೋಪಿಯನ್ನು ಕಿವಿಯ ಮೇಲೆಳೆದುಕೊಂಡು, ಬಂಡೆ ತಡವುತ್ತ ಅವಸರವಾಗಿ ನಡೆದರು.

ತಿರುವಿನಾಚೆ ಮುಂದಿದ್ದವರೆಲ್ಲ ನಿಂತಿದ್ದರು. ನರ್ಸಕ್ಕ ತಲೆ ಎಣಿಸಿದರು. ಒಂಬತ್ತಾಗಬೇಕಿದ್ದದ್ದು ಎಂಟೇ ಆಯಿತು.

"ಬೇಕರಿಯವರೆಲ್ಲಿ?"

"ನನ್ನ ಮುಂದೇನೇ ಇದ್ರಲ್ಲ!"

ನರ್ಸಕ್ಕ ಕೊರಕಲಿನ ಕಡೆ ನೋಡಿದರು. "ಮುಂದೆ ಬಂದಿದ್ರೆ ಇಲ್ಲಿರ್ತಿದ್ರು. ನಿಂತಿದ್ರೆ ನೀವು ನೋಡ್ತಿದ್ರಿ. ಹಾಗಾದ್ರೆ ಕೆಳಗೇ ಬಿದ್ದಿರ್ಬೇಕು."

ಅವರು ಹಗ್ಗ ಬಿಚ್ಚಿ ಸೊಂಟಕ್ಕೆ ಬಿಗಿದುಕೊಂಡರು. ಅಂಚಿನಲ್ಲಿ ಕಾಲಿಟ್ಟದ್ದೇ ತಡ, ಒಂದು ಕಲ್ಲು ಜಾರಿತು. ಅದು ತಳ ಮುಟ್ಟಿದ ಸದ್ದು ಬರಲೇ ಇಲ್ಲ. ಕನ್ನಡಕದವರು ಕೊರಳಿನ ಸೀಟಿ ಹಿಡಿದುಕೊಂಡರು. ಕಣ್ಣಿನ ಸಂಗತಿ ಹೇಳಿದರೆ ಬೆಟ್ಟ ಇವತ್ತಿಗೆ ಮುಗಿಯಿತು. ಹೇಳದಿದ್ದರೆ ನರ್ಸಕ್ಕ ಕೊರಕಲಿಗೆ ಇಳಿಯುತ್ತಾರೆ.

"ಇಳೀಬೇಡೀ ಅಕ್ಕಾ!" ಎಂದು ಚೀರಿದರು. "ನಂಗೆ ಪಕ್ಕದ್ದು ಕಾಣಲ್ಲ. ಎಷ್ಟೋ ವರ್ಷ ಆಯ್ತು. ಅವರು ಬಂಡೆಗೊರಗಿ ಕೂತಿದ್ರೂ ನಾನು ದಾಟಿ ಬಂದಿರ್ತೀನಿ."

ನರ್ಸಕ್ಕ ಅಂಚಿನಿಂದ ಹಿಂದೆ ಸರಿದು, ಅವರ ಕೊರಳಿನ ಸೀಟಿ ಕಿತ್ತುಕೊಂಡು, ಬಂದ ದಾರಿಯ ಕಡೆಗೆ ತಿರುಗಿ ಊದಿದರು. ಬಂದದ್ದು ಗಾಳಿಯ ಸದ್ದಷ್ಟೇ. ಮತ್ತೆ ಊದಿದರು. ಮಂಜಿನೊಳಗಿಂದ ಕ್ಷೀಣವಾದ ಕೂಗೊಂದು ಬಂತು.

ಇನ್ನೂರು ಹೆಜ್ಜೆ ಹಿಂದೆ, ಬಂಡೆಯ ಸಂದಿನಲ್ಲಿ, ಬೇಕರಿಯವರು ಉಳುಕಿದ ಕಾಲು ಹಿಡಿದು ಕೂತಿದ್ದರು. ಹಲ್ಲು ಕಟಕಟ ಎನ್ನುತ್ತಿತ್ತು. "ಮಹಾರಾಯ, ನನ್ನ ಕಾಲು ತುಳಿಯೋದೊಂದು ಬಾಕಿ! ಕಿವಿ ಮುಚ್ಚಿದ ಟೋಪಿ ಬೇರೆ, ಎಷ್ಟು ಕೂಗಿದ್ರೂ ದೊರೆ ಹೋದದ್ದೇ ಹೋದದ್ದು!"

ಮರಳುವಾಗ ಬಸ್ಸಿನಲ್ಲಿ ಕನ್ನಡಕದವರು, "ಇನ್ಮೇಲೆ ನಾನು ಬರಲ್ಲ" ಎಂದರು.

"ಬರಬೇಡಿ ಅಂತ ಯಾರಂದ್ರು?" ಎಂದು ನರ್ಸಕ್ಕ ಗದರಿದರು. "ಮುಚ್ಚಿಟ್ಕೊಂಡು ಬರಬೇಡಿ. ನಾನು ಇಳಿದಿದ್ರೆ ಏನಾಗ್ತಿತ್ತು?"

ಕನ್ನಡಕದವರು ಕಿವಿಯ ಮೇಲಿನ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು.

ಈಗ ಕೊಳವೆ ನಾಣ್ಯದಷ್ಟಾಗಿದೆ. ಅಂಗಡಿ ನೋಡಿಕೊಳ್ಳುವುದು ಹೆಂಡತಿ. ಆದರೂ ತಿಂಗಳಿಗೊಮ್ಮೆ ಅವರು ಬೆಟ್ಟ ಹತ್ತುತ್ತಾರೆ. ಊರುಗೋಲಿನ ಒಂದು ತುದಿ ಬೇಕರಿಯವರ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ. ಬೇಕರಿಯವರು ಎಡಬಲಗಳನ್ನು ಬಣ್ಣಿಸುತ್ತಾರೆ. ಅದರಲ್ಲಿ ಅರ್ಧ ಸುಳ್ಳು. ಕನ್ನಡಕದವರು ನಗುತ್ತಾರೆ. ಆದರೆ ಪ್ರತಿ ತಿರುವಿನಲ್ಲೂ ನಿಂತು, "ಎಷ್ಟು ಜನ ಇದ್ದೀವಿ?" ಎಂದು ಕೇಳುತ್ತಾರೆ. ಹಿಂದಿನಿಂದ "ಒಂಬತ್ತು" ಎಂಬ ಕೂಗು ಬರುವವರೆಗೂ ಮುಂದಿನ ಹೆಜ್ಜೆ ಇಡುವುದಿಲ್ಲ.