ಅಳುವ ಸೀನಿಗೆ ಕರೆಯುತ್ತಿದ್ದರು

ಭಾನುವಾರ ಸಂಜೆ ಟಿವಿಯಲ್ಲಿ ಹಳೆಯ ಕಪ್ಪುಬಿಳುಪು ಸಿನಿಮಾ ಬರುತ್ತದೆಂದರೆ ನಂಜನಗೂಡಿನ ಆ ವಠಾರಕ್ಕೆಲ್ಲ ಗುರುಸಿದ್ದಮ್ಮನ ನಡುಮನೆಯೇ ಟಾಕೀಸು. ತೊಂಬತ್ಮೂರನೇ ಇಸವಿಯಲ್ಲಿ ಅಲ್ಲಿ ಟಿವಿ ಇದ್ದದ್ದು ಅವಳ ಮನೆಯಲ್ಲೊಂದೇ. ಬಂದವರನ್ನು ಬರಿಬಾಯಲ್ಲಿ ಕಳಿಸಬಾರದೆಂಬುದು ಗಂಡ ಚಿಕ್ಕಸ್ವಾಮಿಯ ದೊಡ್ಡತನ. ಆ ದೊಡ್ಡತನವನ್ನು ಕಾಸಿ, ಸೋಸಿ, ಲೋಟಕ್ಕೆ ಬಗ್ಗಿಸುವುದು ಗುರುಸಿದ್ದಮ್ಮನ ಪಾಲು.

ಅವಳಿಗೆ ಕತೆ ಬೇಕಿರಲಿಲ್ಲ. ಯಾರು ಯಾರನ್ನು ಕಟ್ಟಿಕೊಂಡರೂ ಕೊನೆಗೆ ಒಲೆ ಊದುವವರು ಯಾರೆಂದು ಗೊತ್ತಿತ್ತು. ಬೇಕಿದ್ದದ್ದು ಅದರಲ್ಲಿ ಕಾಣುವ ಮೈಸೂರಿನ ಬೀದಿ. ಜನವೇ ಇಲ್ಲದ ಅಗಲ ರಸ್ತೆ, ಸಾಲಾಗಿ ನಿಂತ ಜಟಕಾಗಳು, ತುರುಬನ್ನು ಗೋಪುರದಂತೆ ಎತ್ತಿ ಕಟ್ಟಿ, ಕಪ್ಪು ಕನ್ನಡಕ ಹಾಕಿ, ತಾನೇ ಕಾರು ಓಡಿಸುವ ಹೆಂಗಸು. ಮದುವೆಗೆ ಮುಂಚೆ ಒಂದು ವರ್ಷ ಅವಳು ತಿ. ನರಸೀಪುರದಿಂದ ಮೈಸೂರಿಗೆ ಬಸ್ಸಿನಲ್ಲಿ ಹೋಗಿ ಟೈಪಿಂಗ್ ಕಲಿತಿದ್ದಳು. ತಲೆಯ ಮೇಲೆ, ಸೊಂಟದ ಮೇಲೆ ಏನೂ ಹೊರದೆ ಕೈಬೀಸಿಕೊಂಡು ನಡೆದದ್ದು ಆ ಊರಿನ ರಸ್ತೆಗಳಲ್ಲಿ ಮಾತ್ರ.

ಆದರೆ ಬೀದಿ ಬರುವುದು ಸಿನಿಮಾದ ಮೊದಲಲ್ಲಿ. ಕಾಫಿಯ ಹೊತ್ತೂ ಅದೇ. ಅವಳು ಸೆರಗಿಗೆ ಕೈ ಒರೆಸುತ್ತ ಬರುವಷ್ಟರಲ್ಲಿ ನಾಯಕಿ ಮದುವೆಯಾಗಿ ಅಡುಗೆಮನೆ ಸೇರಿರುತ್ತಿದ್ದಳು. ಆಗ ಅತ್ತೆ ಮಹದೇವಮ್ಮ ಅಕ್ಕರೆಯಿಂದ ಕರೆಯುವರು: “ಬಾ ಕಣಮ್ಮಿ, ಅಳೋ ಸೀನು ಬಂತು!”

“ಅಳೋದ ನೋಡಕ್ಕೆ ನಾನ್ಯಾಕತ್ತೆ ಟಿವಿ ಮುಂದೆ ಕೂರ್ಬೇಕು?”

“ಎಂಗಸ್ರಿಗೆ ಅದೇ ತಾನೆ ಇಷ್ಟ!” ಎಂದು ಚಿಕ್ಕಸ್ವಾಮಿ ನಗುವನು.

ಒಂದು ಭಾನುವಾರ, ಇವತ್ತಿನದು ಪೂರಾ ಮೈಸೂರಲ್ಲೇ ತೆಗೆದ ಸಿನಿಮಾ ಎಂದು ಪಕ್ಕದ ಮನೆಯ ಗುರುಬಸಮ್ಮ ಸುದ್ದಿ ತಂದಳು. ಗುರುಸಿದ್ದಮ್ಮ ಬಟ್ಟೆ, ಪಾತ್ರೆ, ರಾಗಿ ಹಸನು ಎಲ್ಲ ಮುಗಿಸಿ, ಮೊದಲ ಸಾಲಿನಲ್ಲೇ ಕೂತಳು. ತೆರೆಯ ಮೇಲೆ ಇನ್ನೂ ಹೆಸರು ಬೀಳುತ್ತಿತ್ತು.

“ಲೇ, ಎಲ್ರಿಗೂ ಒಂದೊಂದ್ ಲೋಟ ಕಾಫಿ,” ಎಂದ ಚಿಕ್ಕಸ್ವಾಮಿ.

ಅವಳು ಎದ್ದಳು. ಹಾಲು, ಪಾತ್ರೆ, ಸೀಮೆಎಣ್ಣೆಯ ಪಂಪ್ ಸ್ಟೌವು ಎಲ್ಲವನ್ನೂ ನಡುಮನೆಗೇ ತಂದಿಟ್ಟಳು. ನಾಲ್ಕು ಸಲ ಪಂಪು ಹೊಡೆದು ಹಚ್ಚಿದಳು. ಸ್ಟೌವು ಭೊರ್ರೆಂದಿತು. ನಾಯಕ ಬಾಯಿ ಆಡಿಸುತ್ತಿದ್ದ, ಒಂದಕ್ಷರ ಕೇಳಿಸಲಿಲ್ಲ.

“ಏನಮ್ಮಿ ಇದು? ಒಂದು ಮಾತೂ ಕೇಳಕಿಲ್ವಲ್ಲ!” ಮಹದೇವಮ್ಮ ಕೂಗಿದರು.

“ಕಾಫಿ ಬೇಕೋ, ಮಾತು ಬೇಕೋ ನೀವೇ ಹೇಳಿ. ನಂಗೆ ಮಾತು ಬೇಡ, ರೋಡು ಸಾಕು.”

“ಮೊದ್ಲು ಅದ ಆರ್ಸು!” ಎಂದ ಚಿಕ್ಕಸ್ವಾಮಿ.

“ಕಾಫಿ?”

“ಏನೂ ಬೇಡ ಮಾರಾಯ್ತಿ!”

ಅವಳು ಸ್ಟೌವಿನ ಗಾಳಿ ಬಿಟ್ಟು ಆರಿಸಿದಳು. ತೆರೆಯ ಮೇಲೆ ಜಟಕಾವೊಂದು ಖಾಲಿ ಸರ್ಕಲ್ಲು ಬಳಸಿ, ಮರಗಳ ನೆರಳಿನ ರಸ್ತೆಗೆ ತಿರುಗುತ್ತಿತ್ತು. ಅವಳು ಕೈಬೀಸಿಕೊಂಡು ನಡೆದ ಅದೇ ರಸ್ತೆ.

ಸ್ವಲ್ಪ ಹೊತ್ತಿಗೆ ಚಿಕ್ಕಸ್ವಾಮಿ ಗಂಟಲು ಒಣಗಿತೆಂದು ಕೆಮ್ಮಿದ.

ಅವಳು ತೆರೆಯಿಂದ ಕಣ್ಣು ಕೀಳಲಿಲ್ಲ. “ಇರಿ, ಅಳೋ ಸೀನು ಬರ್ಲಿ. ಮಾಡ್ಕೊಡ್ತೀನಿ.”