ದೆಹಲಿಯಿಂದ ಕೆಂಗೇರಿಗೊಂದು ದಾರ

ಕೆಂಗೇರಿಯ ಮುನಿರಾಜುವಿನ ಬಾಯಲ್ಲಿ ‘ಇಲ್ಲ’ ಎಂಬ ಮಾತು ಹೊರಟದ್ದನ್ನು ಕೇಳಿದವರಿಲ್ಲ. ಒಂದೇ ದಿನ ಇಬ್ಬರು ಬಂದು ಅವನ ಗಾಡಿ ಕೇಳಿದರೂ ಇಬ್ಬರಿಗೂ ‘ಆಗಲಿ’ ಎಂದು, ಆಮೇಲೆ ಹಿತ್ತಲಲ್ಲಿ ಅವಿತುಕೊಳ್ಳುವ ಆಸಾಮಿ. ಐವತ್ತಾರನೇ ಇಸವಿಯ ಆ ದಿನ ಮಾತ್ರ ಅವಿತುಕೊಳ್ಳಲು ಜಾಗವಿರಲಿಲ್ಲ.

ಹಿಂದಿನ ಸಂಜೆ ಅಪ್ಪ ಕೆಂಪಯ್ಯ ತೀರಿಕೊಂಡಿದ್ದ. ದೆಹಲಿಯಲ್ಲಿ ನರ್ಸಾಗಿದ್ದ ತಂಗಿ ಯಶೋದಮ್ಮನಿಗೆ ಆಗಲೇ ತಂತಿ ಹೋಯಿತು. ಅವಳು ರಾತ್ರಿಯೇ ಕೊಟ್ಟ ತಂತಿ ಬೆಳಗ್ಗೆ ಬಂತು: ರಾತ್ರಿ ವಿಮಾನ ಹತ್ತುತ್ತೇನೆ, ಅಪ್ಪನ ಮುಖ ನೋಡಬೇಕು, ಕಾಯಿರಿ.

ಪೋಸ್ಟ್ ಮಾಸ್ಟರ್ ಲಕ್ಷ್ಮೀಪತಿ ಗೋಡೆಯ ನಕ್ಷೆಯ ಮೇಲೆ ದೆಹಲಿಯಿಂದ ಬೆಂಗಳೂರಿಗೆ ದಾರ ಹಿಡಿದು ಅಳೆದರು. “ಸಾವಿರ ಮೈಲಿ ಚಿಲ್ಲರೆ ಕಣಯ್ಯ. ವಿಮಾನಕ್ಕೆ ಏಳು ಗಂಟೆ ಸಾಕು. ತಡ ಅಂದ್ರೂ ಹನ್ನೊಂದಕ್ಕೆಲ್ಲ ಮನೇಲಿರ್ತಾಳೆ.”

ಮುನಿರಾಜು ಬೀದಿಗೆಲ್ಲ ಹಾಗೆಯೇ ಹೇಳಿದ. ಹೇಳಲೇಬೇಕಿತ್ತು. ಹೆಣ ಎತ್ತುವವರೆಗೆ ಆ ಬೀದಿಯಲ್ಲಿ ಯಾರೂ ಒಲೆ ಹಚ್ಚುವಂತಿಲ್ಲ. ಹಿಂದಿನ ರಾತ್ರಿಯೂ ಯಾರ ಮನೆಯಲ್ಲೂ ಹಿಟ್ಟು ಬೆಂದಿರಲಿಲ್ಲ. ಪಕ್ಕದ ಬೀದಿಯಿಂದ ತಂದ ಕಡ್ಲೆಪುರಿ ಮಕ್ಕಳಿಗೆ ಸಾಲಲಿಲ್ಲ.

ಮಧ್ಯಾಹ್ನ ದಾಟಿದರೂ ಯಶೋದಮ್ಮನ ಸುಳಿವಿಲ್ಲ. ಬೆಂಗಳೂರಿನ ವಿಮಾನ ಕಚೇರಿಗೆ ಫೋನು ಮಾಡಿದ್ದ ಲಕ್ಷ್ಮೀಪತಿ ಮುಖ ಸಣ್ಣದು ಮಾಡಿಕೊಂಡು ಬಂದರು.

“ನೇರ ಬರಲ್ವಂತೆ ಕಣಯ್ಯ. ನಾಗಪುರದಲ್ಲಿ ಇಳಿದು ಕಾದು, ಮದರಾಸಿಗೆ ಹೋಗಿ, ಅಲ್ಲಿ ಬೇರೆ ವಿಮಾನ ಹತ್ತಬೇಕಂತೆ. ಮದರಾಸಲ್ಲಿ ಜೋರು ಮಳೆ. ಯಾವಾಗ ಹೊರಡುತ್ತೋ ಅವರಿಗೂ ಗೊತ್ತಿಲ್ಲ.”

“ಆಕಾಶದಲ್ಲೂ ಬಸ್ಸಿನಂಗೆ ನಿಂತು ನಿಂತು ಬರ್ತದಾ ಸಾರ್?” ಎಂದ ಮುನಿರಾಜು.

ಎದುರುಮನೆ ಪಾಪಮ್ಮನ ಸೊಸೆ ಹಸಿ ಬಾಣಂತಿ. ಬಿಸಿ ಅನ್ನ ಕಾಣದೆ ಅವಳ ಎದೆಯಲ್ಲಿ ಹಾಲಿಲ್ಲ. ಕೂಸು ಅತ್ತೂ ಅತ್ತೂ ದನಿ ಕಟ್ಟಿತ್ತು. ಪಾಪಮ್ಮ ಜಗಳಕ್ಕೆ ಬಂದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಬಾಗಿಲಲ್ಲಿ ನಿಂತು ಮೆಲ್ಲಗೆ, “ನಿನ್ ತಂಗಿ ಬರೋಗಂಟ ನಾವು ಕಾಯ್ತೀವಿ ಕಣಪ್ಪ. ಈ ಕೂಸಿಗೆ ಅದು ತಿಳಿಯಲ್ವಲ್ಲ,” ಎಂದಳು.

ಮುನಿರಾಜು ಅಪ್ಪನ ಮುಖ ನೋಡಿದ. ಹೊತ್ತು ಇಳಿಯುವ ಮುನ್ನ, “ಎತ್ತಿ” ಎಂದ. ಹುಟ್ಟಿದ ಮೇಲೆ ಮೊದಲ ಸಲ ಒಬ್ಬರಿಗೆ ಇಲ್ಲವೆಂದಿದ್ದ. ಕೇಳಿಸಿಕೊಳ್ಳಲು ತಂಗಿ ಇನ್ನೂ ಬಂದಿರಲಿಲ್ಲ.

ಮಣ್ಣು ಮಾಡಿ, ಕೆರೆಯಲ್ಲಿ ಮುಳುಗಿ ಬಂದವನು ಮನೆಗೆ ಹೋಗದೆ ಒದ್ದೆ ಪಂಚೆಯಲ್ಲೇ ಬೀದಿಯ ತುದಿಯಲ್ಲಿ ನಿಂತ. ತಂಗಿಗೆ ಹೇಗೆ ಹೇಳುವುದೆಂದು ಮಾತು ಹೊಂದಿಸಿಕೊಳ್ಳುತ್ತಿದ್ದ. ದೀಪ ಹಚ್ಚುವ ಹೊತ್ತಿಗೆ ಟ್ಯಾಕ್ಸಿ ಬಂದು ನಿಂತಿತು.

ಯಶೋದಮ್ಮ ಇಳಿದಳು. “ಯಶೋದಾ...” ಎಂದು ಮುನಿರಾಜು ಬಾಯಿ ತೆರೆದ. ಅವಳು ಅವನ ಕಡೆ ನೋಡಲೇ ಇಲ್ಲ. ಅದೇ ಬೀದಿಯಲ್ಲಿ ಹುಟ್ಟಿ ಬೆಳೆದವಳು. ಮನೆಮನೆಯ ಹೆಂಚಿನ ಮೇಲೆ ಏಳುತ್ತಿದ್ದ ಹೊಗೆ ನೋಡಿದಳು. ಕೈಚೀಲ ಕೆಳಗಿಟ್ಟು, ರಸ್ತೆಯಲ್ಲೇ ಕುಸಿದು ಕೂತಳು.